ವಿಭೂತಿ ಕೆಳಗಿನ ಗೆರೆ

ಪೋತ್ನಾಳದ ಕೊಟ್ರೇಶ ಮೊದಲ ಸಲ ಇ.ಸಿ.ಜಿ. ಕಾಗದ ಕೈಯಲ್ಲಿ ಹಿಡಿದಾಗ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ ಇತ್ತು. ಗುಲಾಬಿ ಚೌಕುಳಿಗಳ ಮೇಲೆ ಕರಿ ಗೆರೆಯೊಂದು ಏರಿ, ಇಳಿದು, ನಡುನಡುವೆ ಜಾಲಿ ಮುಳ್ಳಿನಂತೆ ಮೇಲಕ್ಕೆ ಜಿಗಿದಿತ್ತು. ನೆಟ್ಟಗಿರಬೇಕಾದ ಗೆರೆ ಇಷ್ಟು ಸೊಟ್ಟಾದ ಮೇಲೆ ಈ ಜೀವದ ಆಸೆ ಬಿಟ್ಟಂತೆಯೇ ಅಂದುಕೊಂಡು, ದನಿ ತಗ್ಗಿಸಿ, “ಮನಿಯವರಿಗೆ ಹೇಳೀರೇನ್ರಿ?” ಅಂತ ಕೇಳಿದ.

ಇ.ಸಿ.ಜಿ. ತೆಗೆಯುವ ರಂಜಾನಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಏನಂತ ಹೇಳಲಿ ಬೇಟಾ? ಆಂವ ಗುಂಡಕಲ್ಲಿನಂಗ ಅದಾನ. ಗೆರಿ ನೆಟ್ಟಗಾದ ದಿನ ನಿನಗ ಹೇಳಿ ಕಳಸ್ತೀನಿ, ಹಾರ ತೊಗೊಂಡು ಬಾ.”

ಇಂಥ ಜಾಣನನ್ನೇ ರಾಯಚೂರಿನ ಆ ದವಾಖಾನೆಯವರು ಹಳೇ ಇ.ಸಿ.ಜಿ. ಕಾಗದಗಳನ್ನು ಕಂಪ್ಯೂಟರಿಗೆ ಓದಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಕಾಗದದ ಫೋಟೋ ತೆಗೆಯಬೇಕು. ಕೊಟ್ರೇಶ ಬರೆದ ಪ್ರೋಗ್ರಾಮು ಗುಲಾಬಿ ಚೌಕುಳಿಗಳನ್ನು ಅಳಿಸಿ, ಕರಿ ಗೆರೆಯನ್ನಷ್ಟೇ ಹಿಡಿದು, ಅದನ್ನು ಅಂಕಿಗಳಾಗಿ ಮಾಡಿ, ಮತ್ತೆ ಪರದೆಯ ಮೇಲೆ ಗೆರೆಯಾಗಿ ಎಳೆಯಬೇಕು. ಆಗ ಹಳೇ ಎದೆಬಡಿತವನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. ಕೇಳಲಿಕ್ಕೆ ಸುಲಭ. ಕಾಗದದ ಮೇಲೆ ಬಿದ್ದ ಚಹಾದ ಕಲೆಯನ್ನು ಪ್ರೋಗ್ರಾಮು ಒಮ್ಮೆ ಎದೆಬಡಿತ ಅಂದುಕೊಂಡು, ಮಾನವಿಯ ಒಬ್ಬ ಮಾಸ್ತರರಿಗೆ ನಿಮಿಷಕ್ಕೆ ಒಂಬೈನೂರು ಬಡಿತ ತೋರಿಸಿತ್ತು.

ರಂಜಾನಬಿ ಮಾನವಿಯವಳು. ದವಾಖಾನೆಗೆ ಬಂದದ್ದು ನೆಲ ಒರೆಸಲಿಕ್ಕೆ. ಮಷಿನ್ ನೋಡಿಕೊಳ್ಳುವಾತ ರಜೆ ಹಾಕಿದ ದಿನ, ಒರೆಸುತ್ತಾ ಒರೆಸುತ್ತಾ ಕಲಿತಿದ್ದನ್ನು ಮಾಡಿ ತೋರಿಸಿದಳು. ಅವನು ರಜೆಯಿಂದ ಬರುವುದರೊಳಗೆ ಮಷಿನ್ ಅವಳದಾಗಿತ್ತು. ಅದಕ್ಕೀಗ ಮೂವತ್ತು ವರ್ಷ. ದೇವದುರ್ಗದ ಕಡೆ ಕ್ಯಾಂಪ್ ಇದ್ದರೆ ಟಂಟಂ ಆಟೋದಲ್ಲಿ ಮಷಿನನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಹೋಗುತ್ತಿದ್ದಳು. ಎದೆಗೆ ಹಚ್ಚುವ ಜೆಲ್ ಮುಗಿದರೆ ಉಪ್ಪುನೀರಿನ ಹತ್ತಿ. ಹೆಣ್ಣುಮಕ್ಕಳ ಎದೆಯ ಮೇಲಿನ ಲಿಂಗದ ಕರಡಗಿಯನ್ನು ತಾನು ಮುಟ್ಟದೆ, “ಯವ್ವಾ, ದೇವರನ್ನ ಸ್ವಲ್ಪ ಹೆಗಲ ಮ್ಯಾಲ ಕುಂದರಸು” ಅನ್ನುವಳು. ಕಡೆಗೆ ಒಂದು ಎಚ್ಚರಿಕೆ: “ಸೊಸಿನ್ನ ನೆನಸಬ್ಯಾಡ್ರಿ, ಗೆರಿ ಕುಣೀತಾವ.” ಮಲಗಿದವರು ನಕ್ಕು ಹಗುರಾದ ಮೇಲೆಯೇ ಅವಳು ಗುಂಡಿ ಒತ್ತುವುದು.

ಒಂದು ಮುಂಜಾನೆ ಜಾಲಹಳ್ಳಿಯ ವಿರೂಪಣ್ಣ ತಾಯಿ ಬಸವಂತಮ್ಮನನ್ನು ಕರಕೊಂಡು ಬಂದ. ಆಕೆಯ ಎರಡೂ ಕಣ್ಣಿಗೆ ಪೊರೆ. ಮೊಮ್ಮಗಳು ಬಸುರಿ; ಹುಟ್ಟುವ ಕೂಸಿಗೆಂದು ಹಿಡಿದ ಕೌದಿ ಅರ್ಧಕ್ಕೇ ನಿಂತಿತ್ತು, ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಆಪರೇಷನ್ ದಿನ ಗೊತ್ತಾಗಿತ್ತು. ಆದರೆ ಹೊಸ ಇ.ಸಿ.ಜಿ. ನೋಡಿದ ಡಾಕ್ಟರು ತಡೆದರು. ಮುಳ್ಳಿನ ತುದಿ ಒಂದಾಗಿರುವ ಬದಲು ಕವಲೊಡೆದು ಎರಡಾಗಿತ್ತು. “ಇದು ಹಳೇದಾದ್ರೆ ಅಂಜಿಕೆ ಇಲ್ಲ, ಕಣ್ಣು ಮಾಡಿಸಿಕೊಳ್ಳಲಿ. ಹೊಸದಾದ್ರೆ ಮೊದಲು ಹೈದರಾಬಾದಿಗೆ, ಎದೆಯ ತಪಾಸಣೆಗೆ. ಕಣ್ಣು ಆಮೇಲೆ.”

“ಹಳೇದು ಅದರೀ,” ಅಂತ ವಿರೂಪಣ್ಣ ಚೀಲದಿಂದ ಒಂದು ರಟ್ಟು ತೆಗೆದ. ಹದಿಮೂರು ವರ್ಷದ ಹಿಂದೆ ರಂಜಾನಬಿಯೇ ತೆಗೆದು ತುಂಡುತುಂಡಾಗಿ ಅಂಟಿಸಿಕೊಟ್ಟ ಇ.ಸಿ.ಜಿ. ಬೇರೆ ತುಂಡುಗಳು ಅಂಟು ಬಿಟ್ಟು ಯಾವಾಗಲೋ ಉದುರಿದ್ದವು. ಉಳಿದದ್ದು ಒಂದೇ; ಅದರ ಎರಡು ತುದಿಯಲ್ಲಿ ಗೆರೆ ಚೂರೇ ಚೂರು ಇಣುಕುತ್ತಿತ್ತು, ಮಿಕ್ಕಿದ್ದೆಲ್ಲ ಬೆಳ್ಳಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

“ಆವಾಗಿನ ಡಾಕ್ಟರು ಇಲ್ಲೇ ಪೆನ್ನಿಲೆ ಸುತ್ತು ಹಾಕಿದ್ರು,” ಅಂದ ವಿರೂಪಣ್ಣ. “ಬ್ಯಾನಿ ಇಲ್ಲೇ ಅದ ಅಂತ ಗೊತ್ತಾತು. ಜಗಲಿ ಮ್ಯಾಲ ಇಟ್ಟು, ವಾರಾ ವಾರಾ ಸೋಮವಾರ ಇಬತ್ತಿ ಹಚ್ಚೀವ್ರಿ.”

“ಹಚ್ಚಿದ್ದಕ್ಕ ಇಷ್ಟು ದಿನ ತಡದದ,” ಅಂದಳು ಬಸವಂತಮ್ಮ.

ಕೊಟ್ರೇಶ ತೋಳೇರಿಸಿ, ಫೋಟೋ ತೆಗೆದು ಪ್ರೋಗ್ರಾಮಿಗೆ ಕೊಟ್ಟ. ಕುಂಕುಮ ಕೆಂಪಾದ್ದರಿಂದ ಚೌಕುಳಿಗಳ ಜೊತೆ ತಾನೇ ಅಳಿದುಹೋಯಿತು. ವಿಭೂತಿ ಇದ್ದ ಕಡೆ ಗೆರೆ ಸಿಗದಿದ್ದಾಗ ಪ್ರೋಗ್ರಾಮು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಗೀಟು ಹೊಡೆದು ಕೂಡಿಸಿತು. ಹಾಗೆ ಕೂಡಿಸೆಂದು ಅದಕ್ಕೆ ಕಲಿಸಿದವನು ಅವನೇ.

“ಖಾಲಾ, ನೋಡ್ರಿ, ಎಷ್ಟು ಚೊಕ್ಕ ಬಂದದ!”

ರಂಜಾನಬಿ ಪರದೆ ನೋಡಿ ಹಣೆ ಹಣೆ ಬಡಿದುಕೊಂಡಳು. “ಅರೇ ಅಲ್ಲಾ! ನಾಕು ಬೆರಳುದ್ದ ಸತ್ತು, ಮತ್ತ ಎದ್ದು ಕುಂತಾಳಲ್ಲೋ ಮುದುಕಿ! ನಿನಗ ನೆಟ್ಟನ್ನ ಗೆರಿ ಹುಚ್ಚು ಇನ್ನೂ ಹೋಗಿಲ್ಲೇನು?”

“ನಾ ಸತ್ತಿದ್ನೇನು?” ಬಸವಂತಮ್ಮ ಕುತೂಹಲದಿಂದ ಕೇಳಿದಳು. “ಯಾವಾಗ?”

“ಈತನ ಕೈಯಾಗ, ಈಗ,” ಅಂದಳು ರಂಜಾನಬಿ.

ಕೊಟ್ರೇಶನಿಗೆ ನೆಲ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು. ವಿಭೂತಿ ಒರೆಸಬೇಕು, ಆದರೆ ನೀರು ತಾಗಿದರೆ ಕಾಗದವೇ ಹೋದೀತು ಅಂತ ಅವನ ಭಯ. ರಂಜಾನಬಿ ತಲೆ ಅಲ್ಲಾಡಿಸಿದಳು. “ಇದು ಮೇಣದ ಕಾಗದ. ಹಳೇ ಮಷಿನ್‌ದಾಗ ಮಸಿ ಇರಲಿಲ್ಲ, ಬಿಸಿ ಸೂಜಿ ಇತ್ತು. ಮೇಣ ಕೆರಕೊಂತ ಹೋಗತಿತ್ತು. ನೀರಿಗೆ ಬಗ್ಗಂಗಿಲ್ಲ ಇದು.”

ಆದರೆ ದೇವರಿಗೆ ಹಚ್ಚಿದ್ದನ್ನು ಒರೆಸುವುದೆಂದರೆ? ವಿರೂಪಣ್ಣನ ಮುಖ ಸಣ್ಣದಾಯಿತು. ರಂಜಾನಬಿ ಅವನತ್ತ ನೋಡಲಿಲ್ಲ, ಬಸವಂತಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. “ಯವ್ವಾ, ನಾ ಚೆಲ್ಲಂಗಿಲ್ಲ. ಹತ್ತಿಗೆ ಬಂದದ್ದನ್ನ ನೀನ ನಿನ್ನ ಹಣಿಗೆ ಹಚ್ಚಿಗೋ. ಆತೇನು?”

“ಆತು ತಗಿ. ನನ್ನ ಎದಿದು ನನ್ನ ಹಣಿಗೆ.”

ಹಸಿ ಹತ್ತಿಯಿಂದ ಒರೆಸಿದಳು. ಬಸವಂತಮ್ಮನ ಹಣೆ ಬೆಳ್ಳಗಾಗುತ್ತಾ ಹೋಯಿತು, ಕಾಗದದ ನಡುಭಾಗ ಮಾತ್ರ ಖಾಲಿಯೇ. ಗೆರೆ ಮಾಸಿಹೋಗಿತ್ತು. ರಂಜಾನಬಿ ಕಣ್ಣು ಮುಚ್ಚಿ, ಉಗುರಿನ ತುದಿಯಿಂದ ಕಾಗದವನ್ನು ಸವರಿದಳು. ಹೋಗುತ್ತಾ ಹೋಗುತ್ತಾ ಬೆರಳು ನಿಂತಿತು.

“ಅದ. ಕೆರದದ್ದು ಹಂಗ ಅದ. ಬೇಟಾ, ಮ್ಯಾಲಿನ ದೀಪ ಆರಸು. ಬ್ಯಾಟರಿ ಮಗ್ಗಲಿಗೆ ಹಿಡಿ, ಕಾಗದದ ಸಮಕ್ಕ.”

ಕಿಟಕಿಯ ಪರದೆ ಎಳೆದು, ಬ್ಯಾಟರಿಯನ್ನು ಮೇಜಿಗೆ ತಾಗಿಸಿ ಹಿಡಿದಾಗ, ಬೆಳಕು ಅಡ್ಡಲಾಗಿ ಬಿದ್ದು ಕೂದಲೆಳೆಯಂಥ ನೆರಳುಗಳೆದ್ದವು. ಕೊಟ್ರೇಶ ಎಂಟು ಕಡೆಯಿಂದ ಫೋಟೋ ತೆಗೆದ. ಗೀಟು ಹೊಡೆಯುವ ಸಾಲನ್ನು ಪ್ರೋಗ್ರಾಮಿನಿಂದ ಕಿತ್ತುಹಾಕಿದ. ಕರಿ ಬಣ್ಣ ಹುಡುಕುವುದನ್ನು ಬಿಡಿಸಿ, ನೆರಳು ಹುಡುಕು ಅಂತ ಹೇಳಿಕೊಟ್ಟ. ಎರಡು ಸಲ ಅದು ಕಾಗದದ ಮಡಿಕೆಯನ್ನೇ ಹಿಡಿದು ತಂದಿತು. ಮೂರನೆಯ ಸಲ ಪರದೆಯ ಮೇಲೆ ನೀಲಿ ಗೆರೆ ನಿಧಾನಕ್ಕೆ ಎದ್ದಿತು. ಏರಿತು, ಇಳಿಯಿತು, ಮುಳ್ಳಾಗಿ ಜಿಗಿಯಿತು. ಮುಳ್ಳಿನ ತುದಿಯಲ್ಲಿ ಎರಡು ಕವಲು.

ಹೊಸ ಗೆರೆಯನ್ನು ಕೆಂಪಾಗಿ ಮಾಡಿ ಅದರ ಮೇಲಿಟ್ಟ. ಕವಲಿನ ಮೇಲೆ ಕವಲು ಕೂತಿತು. ಡಾಕ್ಟರು ಬಂದು ನೋಡಿದರು, ಇನ್ನೊಮ್ಮೆ ನೋಡಿದರು. “ಹಳೇದೇ. ಕಣ್ಣು ಮಾಡಿಸಿ.”

ವಿರೂಪಣ್ಣ ಹೊರಗೋಡಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಎಣ್ಣೆ ಕೈ ಯಾವ ಕಾಗದಕ್ಕೂ ತಾಗದಂತೆ ಕೊಟ್ರೇಶ ಎಲ್ಲರನ್ನೂ ವರಾಂಡಕ್ಕೆ ಅಟ್ಟಿದ.

ತಿಂಗಳೊಪ್ಪತ್ತಿಗೆ ಬಸವಂತಮ್ಮ ಕರಿ ಕನ್ನಡಕ ಹಾಕಿಕೊಂಡು ಮತ್ತೆ ಬಂದಳು. ಬಗಲಲ್ಲಿ ಮುಗಿದ ಕೌದಿ. ಅಂಚಿಗೆ ಕೆಂಪು ದಾರದಲ್ಲಿ ಏರಿಳಿಯುವ ಮುಳ್ಳುಮುಳ್ಳು ಹೊಲಿಗೆ. “ನಂದ ಗೆರಿ ಹಾಕೀನಿ, ಕೂಸು ಹೊಚಗೊಳ್ಳಲಿ,” ಅಂದಳು. ಪರದೆಯ ಮೇಲೆ ತನ್ನ ಎದೆಯನ್ನು ಕಣ್ಣು ತುಂಬ ನೋಡಿದಳು. ಆಮೇಲೆ ರಂಜಾನಬಿಯತ್ತ ಕೈಮಾಡಿ, “ಈಕಿದು ತೋರಸಪಾ ತಮ್ಮಾ” ಅಂದಳು.

ಕೊಟ್ರೇಶ ಹೆಸರು ಹಾಕಿ ಹುಡುಕಿದ. ಹನ್ನೊಂದು ಸಾವಿರ ಎದೆಗಳ ನಡುವೆ ಆ ಹೆಸರಿರಲಿಲ್ಲ.

“ಖಾಲಾ, ನಿಮ್ಮದು ಇಲ್ಲಲ್ರೀ?”

ರಂಜಾನಬಿ ತಂತಿ ಸುತ್ತುವುದರಲ್ಲಿ ಬಹಳ ಮಗ್ನಳಾದಳು. ಬಸವಂತಮ್ಮ ಬಿಡುವವಳಲ್ಲ. ಕನ್ನಡಕ ಮೂಗಿಗೆ ಇಳಿಸಿ, ಹೊಸ ಕಣ್ಣಿಂದ ನೆಟ್ಟಗೆ ನೋಡಿದಳು. “ಮೂವತ್ತು ವರ್ಷ ಊರವರ ಎದಿ ಎಲ್ಲಾ ತಗದೀ. ನಿಂದ್ಯಾಕ ಒಮ್ಮೆನೂ ತಗಸಿಲ್ಲ ಬೇ?”

“ಅಂಜಿಕಿ ಯವ್ವಾ, ಮತ್ತೇನು!”