ಹೊರಗಿನದಷ್ಟೇ ಹೇಳಿದೆ

ನಾಲಿಗೆಯ ಮೇಲೆ ಸವಣೂರಿನ ಎಳೆಯ ವೀಳ್ಯದೆಲೆಯ ಚೂರು, ಮುಚ್ಚಿದ ಕಣ್ಣು, ಎತ್ತಿ ಹಿಡಿದ ತೋರುಬೆರಳು. ಸರ್ ನೆನಪಾದಾಗ ಮೊದಲು ಕಾಣುವುದು ಇದೇ. ಖಾರ ನಾಲಿಗೆಯ ತುದಿಯಿಂದ ಹಿಂದಕ್ಕೆ ಸರಿದಂತೆ ಬೆರಳು ಮೆಲ್ಲಗೆ ಮಡಚಿಕೊಳ್ಳುತ್ತಿತ್ತು. ಅವರ ವಿಷಯ ಬರೆಯಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಅವರು ಇರುವತನಕ ಧೈರ್ಯವಾಗಲಿಲ್ಲ. ಹೋದ ಮೇಲೂ ಒಂದಲ್ಲ ಒಂದು ನೆವ ಹೇಳಿಕೊಂಡು ಮುಂದೂಡಿದೆ.

ಅವರು ಶಿಗ್ಗಾಂವದ ಒಂದು ಖಾಸಗಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದರು. ಹತ್ತನೇ ಇಯತ್ತೆ ಪಾಸಾಗಿದ್ದ ನಾನು ಅಲ್ಲಿ ಸಿಪಾಯಿ. ವರ್ಷದ ಮೊದಲ ಪಾಠದಲ್ಲಿ ಮೇಜಿನ ಮೇಲೆ ಒಂದು ನಿಂಬೆಹಣ್ಣು ಇಟ್ಟು ಕೇಳುತ್ತಿದ್ದರು.

"ಏನೈತಿ ಇಲ್ಲೆ?"

"ನಿಂಬಿಹಣ್ಣರಿ."

"ಅದು ಮೇಜಿನ ಮ್ಯಾಲಿಂದಾತು. ನಿನ್ನ ಬಾಯಾಗ ಏನಾತು, ಅದನ್ನ ಹೇಳು."

ಒಮ್ಮೆ ಹಿಂದಿನ ಬೆಂಚಿನವನೊಬ್ಬ, "ನನ್ನ ಬಾಯಾಗ ಮುಂಜಾನಿ ತಿಂದ ಗುಟ್ಕಾ ಐತ್ರಿ," ಅಂದ. ಎಲ್ಲರೂ ನಕ್ಕರು. ಸರ್ ಎಲ್ಲರಿಗಿಂತ ಜೋರಾಗಿ ನಕ್ಕು, "ಖರೆ ಹೇಳಿದವ ಇವನೊಬ್ಬ," ಅಂದರು.

ಕಾಲೇಜು ಬಿಟ್ಟ ಮೇಲೆ ಅವರು ತಮ್ಮ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು, ಮನಸ್ಸಿನೊಳಗೆ ಹಾದುಹೋಗುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿದ್ದರು. ಕಣ್ಣು ಮುಚ್ಚಿದವರು ಬರೆಯುವುದು ಹೇಗೆ? ಅದಕ್ಕೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ದಪ್ಪ ವಹಿಯಲ್ಲಿ ಬರೆಸುತ್ತಿದ್ದರು. ತೀರಿಹೋದ ತಂದೆಯ ದನಿ ಮನಸ್ಸಿನಲ್ಲಿ ಹೇಗೆ ಕೇಳಿಸುತ್ತದೆ ಎಂದು ಬರೆಸುತ್ತಿದ್ದ ದಿನ ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳದೆ, "ನೀರ ಬಂತು, ಅದನ್ನೂ ಬರಿ," ಅಂದರು.

ಇದೆಲ್ಲ ಯಾಕೆ ಎಂದು ನಾನೇ ಒಮ್ಮೆ ಕೇಳಿದ್ದೆ.

"ಈ ಶಾಸ್ತ್ರ ಸುರುವಾದಾಗ ಮಂದಿ ತಮ್ಮೊಳಗ ತಾವಽ ನೋಡಿ ಹೇಳ್ತಿದ್ರು. ಆಮ್ಯಾಲೆ ಬಂದವರು, ಒಳಗಿಂದು ಯಾರಿಗೆ ಕಾಣತೈತಿ, ಕಣ್ಣಿಗೆ ಕಾಣೂ ನಡತಿ ಅಷ್ಟಽ ಹೇಳ್ರಿ ಅಂದ್ರು."

"ಯಾರದು ಖರೆರಿ?"

"ಹೊರಗಿಂದು ಸುಳ್ಳಲ್ಲಪಾ. ಅದಽ ಎಲ್ಲಾ ಅಂದ್ರ ಸುಳ್ಳ."

ಆ ವರ್ಷ ನಮ್ಮವ್ವ ತೀರಿಕೊಂಡಳು. ದಿನಕರ್ಮ ಮುಗಿಸಿ ಕೆಲಸಕ್ಕೆ ಬಂದಾಗ ಪ್ರಾಚಾರ್ಯರಿಂದ ಹಿಡಿದು ಎಲ್ಲರೂ, "ಹಿರೇ ಜೀವ, ಪುಣ್ಯೇವಂತಿ," ಎಂದು ಹೇಳಿ ಮುಂದೆ ಹೋದರು. ಸರ್ ಮಾತ್ರ ಕೋಣೆಗೆ ಕರೆದು ಕೂರಿಸಿದರು. ಅಂದು ವಹಿ ಅವರ ಕೈಯಲ್ಲಿತ್ತು.

"ಎಲ್ಲಿ ಐತಿ?" ಅಂದರು.

"ಏನ್ರಿ?"

"ಅವ್ವ ಇಲ್ಲ ಅನ್ನೂದು. ಎದಿಯಾಗ ಐತೋ, ಗಂಟಲದಾಗೋ? ಭಾರ ಐತೋ, ಉರೀನೋ? ಕಣ್ಣ ಮುಚ್ಚಿ ನೋಡಿ ಹೇಳು. ಇವತ್ತ ನಾ ಬರಕೋತೇನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮವ್ವನ ಸಾವು ನಿಮಗ ನಿಂಬಿಹಣ್ಣಾತೇನ್ರಿ?" ಅಂದೆ.

ಸರ್ ಪೆನ್ನು ಕೆಳಗಿಟ್ಟರು. "ತಪ್ಪಾತಪಾ. ನಾ ಕೇಳಬಾರದಿತ್ತು," ಎಂದು ಎರಡೂ ಕೈ ಮುಗಿದರು. ನನಗಿಂತ ದೊಡ್ಡವರು, ಕಲಿತವರು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಹದಿನೈದು ದಿನವಾಗಿರಬೇಕು. ಯಾರೋ ಒಬ್ಬ ಪಾಲಕರು, ಈ ಮಾಸ್ತರರ ತಲೆ ಸರಿಯಿಲ್ಲ ಎಂದು ದೂರು ಕೊಟ್ಟಿದ್ದರು. ಆಡಳಿತ ಮಂಡಳಿಯವರು ನನ್ನನ್ನು ಕರೆಸಿದರು. ನಡುವೆ ಕೂತಿದ್ದ ಹಿರಿಯರು ಕೇಳಿದರು.

"ಒಬ್ಬರಽ ಕುಂತು ಮಾತಾಡ್ತಾರಂತಲ್ಲಪಾ, ಖರೇನ?"

"ಹೌದ್ರಿ."

"ಕಣ್ಣ ಮುಚ್ಚಿ?"

"ಹೌದ್ರಿ. ಒಮ್ಮೊಮ್ಮೆ ಅಳ್ತಾರ್ರಿ."

ಕೊನೆಯದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಒಬ್ಬರೇ ಕೂತು ಎಂಬುದು ಸುಳ್ಳು ಎಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ; ಎದುರಿನ ಕುರ್ಚಿಯಲ್ಲಿ ನಾನಿರುತ್ತಿದ್ದೆ. ಆ ವಹಿಯ ಪ್ರತಿ ಅಕ್ಷರವೂ ನನ್ನದು. ಅದನ್ನು ತಂದು ಮಂಡಳಿಯವರ ಮುಂದೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ಸರ್ ಅವರ ನೌಕರಿ ಹೋಯಿತು. ತಮ್ಮೂರು ಹಾನಗಲ್ಲಿಗೆ ಹೋಗಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡಿದ್ದರು. 'ಹುಚ್ಚ ಮಾಸ್ತರ' ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಬಹಳ ದಿನ ಪಾಠಕ್ಕೆ ಯಾರೂ ಮಕ್ಕಳನ್ನು ಕಳಿಸಲಿಲ್ಲವಂತೆ.

ಎಷ್ಟೋ ವರ್ಷದ ಮೇಲೆ ಸವಣೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ನನ್ನ ಭುಜ ಹಿಡಿದು, "ಹೆಂಗದಿಪಾ?" ಅಂದರು. "ಆರಾಮ ಅದೇನ್ರಿ," ಅಂದೆ. ಅವರು ಇನ್ನೂ ಏನೋ ಕೇಳುವವರಿದ್ದರು. ನಾನು ಎದುರಿಗೆ ನಿಂತಿದ್ದ ಹಿರೇಕೆರೂರು ಬಸ್ಸು ಹತ್ತಿಬಿಟ್ಟೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿಳಿದು ನಡೆದು ಬಂದೆ.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಬಂದವರೆಲ್ಲ, "ಗಟ್ಟಿ ಆಗ್ರಿ," ಅಂದರು. ಮಕ್ಕಳೂ ಅದನ್ನೇ ಅಂದರು. ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಎಂದು ಯಾರೂ ಕೇಳಲಿಲ್ಲ. ಎಡಗಡೆಯ ಪಕ್ಕೆಲುಬಿನ ಕೆಳಗೆ, ಒದ್ದೆ ಅರಿವೆ ಹಿಂಡಿದ ಹಾಗೆ. ಹೇಳಲು ಮಾತು ಸಿದ್ಧವಿತ್ತು, ಕೇಳುವವರಿರಲಿಲ್ಲ. ಇಡೀ ಜನ್ಮದಲ್ಲಿ ಅದನ್ನು ಕೇಳಿದವರು ಒಬ್ಬರೇ.

ಹೋದ ವರ್ಷ ಸರ್ ಹೋದರೆಂದು ತಿಳಿದು ಹಾನಗಲ್ಲಿಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು.

"ಬರಕೊಳ್ಳಾಕ ಒಬ್ಬ ಸಿಪಾಯಿ ಇದ್ದ, ಅಕ್ಷರ ಮುತ್ತಿನಂಗ ಅಂತಿದ್ರು. ನೀವಽ ಏನ್ರಿ?"

"ಹೌದ್ರಿ ಅಕ್ಕಾರ."

"ಕಮಿಟಿ ಮುಂದ ಅಳೂದು ಹೇಳಿದವರು ಯಾರಂತ ಅವರಿಗೆ ಗೊತ್ತಿತ್ರಿ. ಎಷ್ಟ ಕೇಳಿದ್ರೂ ನನಗ ಹೆಸರ ಹೇಳಲಿಲ್ಲ. 'ಪಾಪ, ಆ ಹೊತ್ತನ್ಯಾಗ ಅವನೊಳಗ ಏನ ನಡದಿತ್ತೋ,' ಅಂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ನೀವು ಅಲ್ಲೇ ಇದ್ದೋರು. ನಿಮಗೇನರ ಗೊತ್ತೈತೇನ್ರಿ?"

"ಇಲ್ರಿ," ಅಂದೆ. ಚಹಾ ಪೂರ್ತಿ ಕುಡಿದು, ಕೈ ಮುಗಿದು ಹೊರಬಂದೆ.

ಹೇಳಿದವನು ನಾನು. ಸರ್ ಇರುವಾಗ ಅವರಲ್ಲಿ ಕ್ಷಮೆ ಕೇಳಲಿಲ್ಲ. ಈಗ ಕ್ಷಮೆ ಕೇಳಬೇಕಾದವರಲ್ಲಿ ಇನ್ನೊಬ್ಬರು ಕೂಡಿದ್ದಾರೆ, ಹಾನಗಲ್ಲಿನಲ್ಲಿರುವ ಅವರ ಹೆಂಡತಿ.