ಅಮೀನಗಡ ದಾಟಿ ಬಿದ್ದ ಸವಾರ

೧೯೮೪ರಲ್ಲಿ ನಾನು ಹುನಗುಂದ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಆಗ ಈ ಸೀಮೆಯೆಲ್ಲ ವಿಜಾಪುರ ಜಿಲ್ಲೆಗೆ ಸೇರಿತ್ತು. ಹೆರಿಗೆ, ಹಾವು-ಚೇಳಿನ ಕಡಿತ, ಬೇಸಿಗೆ ಬಂದರೆ ವಾಂತಿ-ಭೇದಿ, ಇವುಗಳಲ್ಲೇ ನನ್ನ ದಿನ ಕಳೆಯುತ್ತಿತ್ತು. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಹೆಂಡತಿಯ ಪ್ರಕಾರ ಅದು ಈಗಲೂ ಅಲ್ಲಿಂದ ಇಳಿದಿಲ್ಲ.

ಯುಗಾದಿ ಹತ್ತಿರ ಬಂದಾಗ ಇಳಕಲ್ಲಿನ ಹುಸೇನಸಾಬ ಮನೆಗೆ ಬಂದ. ಅವನದು ಸೈಕಲ್ ಅಂಗಡಿ. ಹರೆಯದಲ್ಲಿ ತಾನೂ ದೂರದ ಸ್ಪರ್ಧೆಗಳಲ್ಲಿ ಸೈಕಲ್ ಹೊಡೆದವನು, ಈಗ ಹುಡುಗರನ್ನು ಕೂಡಿಸಿ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತಿದ್ದ.

"ಸಾಹೇಬ್ರ, ಒಂದ್ ರವಿವಾರ ನಮಗ ಕೊಡ್ರಿ. ಜೀಪಿನ್ಯಾಗ ಕುಂದ್ರೋದು, ಅಷ್ಟ."

"ಕುಂದ್ರಾಕ ನಮ್ಮ ಮನ್ಯಾಗೂ ಕುರ್ಚಿ ಐತೋ ಮಾರಾಯ" ಎಂದೆ.

ಅವನು ನಕ್ಕು ಅದೇ ಕುರ್ಚಿಯಲ್ಲಿ ಕುಳಿತ. ಎರಡು ಸಲ ಚಹಾ ಆಯಿತು, ಎದ್ದೇಳಲಿಲ್ಲ. ಕೊನೆಗೆ ಅವನನ್ನು ಎಬ್ಬಿಸುವುದಕ್ಕಾದರೂ ಒಪ್ಪಬೇಕಾಯಿತು.

ಸ್ಪರ್ಧೆಯ ದಾರಿ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಬಾಗಲಕೋಟೆಯಿಂದ ಹೊರಟು ಕುಳಗೇರಿ ಕ್ರಾಸ್, ಅಲ್ಲಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಕೊನೆಗೆ ಇಳಕಲ್ಲು. ಸುಮಾರು ನೂರೈವತ್ತು ಕಿಲೋಮೀಟರ್. ಸವಾರರ ಹತ್ತಿರ ಇದ್ದದ್ದು ಗೇರ್ ಇರುವ ಹಗುರ ರೇಸ್ ಸೈಕಲ್ ಅಲ್ಲ, ಹಾಲಿನ ಕ್ಯಾನು, ಸೀರೆಯ ಗಂಟು, ಜೋಳದ ಚೀಲ ಹೇರುವ ಸೈಕಲ್ಲು. ಹಿಂದಿನ ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಬಿಚ್ಚಿಟ್ಟರೆ ಅದೇ ರೇಸ್ ಸೈಕಲ್! ಮೇಲೆ ಮಾರ್ಚ್ ತಿಂಗಳ ಬಿಸಿಲು.

ಹಿಂದಿನ ವರ್ಷ ಒಬ್ಬ ಹುಡುಗ ಸಮಯ ಹಾಳಾಗುತ್ತದೆಂದು ನೀರನ್ನೇ ಕುಡಿಯದೆ ಓಡಿಸಿ ಬಿಸಿಲಿಗೆ ಬಿದ್ದಿದ್ದನಂತೆ. ಅದಕ್ಕಾಗಿ ಹುಸೇನಸಾಬ ಹೊಸ ನಿಯಮ ಮಾಡಿದ್ದ. ದಾರಿಯಲ್ಲಿ ನೀರು ಕೊಡಲು ಅಲ್ಲಲ್ಲಿ ಮಾಡಿದ್ದ ಪ್ರತಿ ಠಾಣೆಯಲ್ಲಿ ಸವಾರನ ತೋಳಿಗೆ ಬಣ್ಣದ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬೇಕಾದರೆ ಎದುರಿಗೇ ಒಂದು ತಂಬಿಗೆ ನೀರು ಕುಡಿದು ತೋರಿಸಬೇಕು. "ಭಾಳ ಛಲೋ ನಿಯಮ" ಎಂದು ನಾನೂ ಬೆನ್ನು ತಟ್ಟಿದೆ. ಆ ಕಾಲದಲ್ಲಿ ಯಾವ ಡಾಕ್ಟರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ.

ಆ ರವಿವಾರ ಬೆಳಿಗ್ಗೆ ಸ್ಪರ್ಧೆ ಶುರುವಾಯಿತು. ನಾನು ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕುಳಿತೆ. ಪಕ್ಕದಲ್ಲಿ ಹುಸೇನಸಾಬ, ಹಿಂದೆ ಠಾಣೆಗಳಿಗೆ ನೀರು ತುಂಬಿಸುವ ಡ್ರಮ್ಮು. ಬಾದಾಮಿ ದಾಟುವಷ್ಟರಲ್ಲಿ ಒಬ್ಬ ಎಲ್ಲರಿಗಿಂತ ಮುಂದೆ ಹೋಗಿದ್ದ. ಮಾಳಪ್ಪ ಅಂತ, ಮರೋಳದ ಕಡೆಯ ಹಳ್ಳಿಯವನು. ಬೀರಪ್ಪ ದೇವರ ಒಕ್ಕಲಿನ ಮನೆತನ, ಕುರಿ ಮೇಯಿಸುವವರು. ಇವನು ದಿನಾ ಹುನಗುಂದಕ್ಕೆ ಸೈಕಲ್ ಮೇಲೆ ಹಾಲು ತಂದು ಹಾಕುತ್ತಿದ್ದ. ಇಪ್ಪತ್ತೆರಡು-ಮೂರರ ವಯಸ್ಸು, ತೆಳ್ಳನೆಯ ಆಳು, ಕಾಲಂತೂ ಕಬ್ಬಿಣ. ಮಹಾಕೂಟದ ಕಡೆಯ ಏರಿನಲ್ಲಿ ಉಳಿದವರು ಏದುಸಿರು ಬಿಡುತ್ತಿದ್ದರೆ ಇವನು ನಮ್ಮ ಜೀಪಿನ ಕಡೆ ತಿರುಗಿ ನಕ್ಕು ಕೈ ಮಾಡಿದ.

ಊರೂರಲ್ಲೂ ಜನ ರಸ್ತೆಗೆ ಬಂದು ನಿಂತಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವುದು ರೂಢಿ. ಸೈಕಲ್ ಹುಡುಗರಿಗೂ ಅದೇ ಉಪಚಾರ. ಹೆಣ್ಣುಮಕ್ಕಳು ತಂಬಿಗೆ ಹಿಡಿದು ಅಡ್ಡ ನಿಂತು, "ಕುಡೀಪಾ ತಮ್ಮಾ, ಬಿಸಲ ಭಾಳ ಐತಿ" ಎಂದು ಕುಡಿಸಿಯೇ ಬಿಡುತ್ತಿದ್ದರು. ಉಳಿದ ಹುಡುಗರು ಐಹೊಳೆಯಲ್ಲಿ ಇಳಿದು ಮಿರ್ಚಿ ಭಜಿ, ರೊಟ್ಟಿ, ಉಪ್ಪಿನಕಾಯಿ, ಮಸಾಲೆ ಮಜ್ಜಿಗೆ ಹೊಡೆದರು. ಮಾಳಪ್ಪ ಅದ್ಯಾವುದನ್ನೂ ಮುಟ್ಟಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡ, ನೀರು ಕುಡಿದ, ಮುದ್ರೆ ಒತ್ತಿಸಿಕೊಂಡ, ಹೊರಟ. ಅವನಿಗೆ ಗೆಲ್ಲುವ ಅವಸರವೆಂದುಕೊಂಡೆ.

ಅಮೀನಗಡ ದಾಟಿ ಸ್ವಲ್ಪ ದೂರ ಹೋದ ಮೇಲೆ ಅವನ ಸೈಕಲ್ಲು ರಸ್ತೆಯ ಅಗಲಕ್ಕೆಲ್ಲ ಓಲಾಡತೊಡಗಿತು. "ಕುಡದಾನೇನ್ರೀ ಇಂವಾ?" ಎಂದು ಹುಸೇನಸಾಬ ಮುಂದಕ್ಕೆ ಬಗ್ಗಿ ನೋಡಿದ. ನಾವು ನೋಡುತ್ತಿದ್ದಂತೆಯೇ ಮಾಳಪ್ಪ ಇಳಿದ, ಸೈಕಲ್ಲನ್ನು ಹಿಂದುಮುಂದು ತಿರುಗಿಸಿದ, ಬಂದ ದಾರಿಯ ಕಡೆಗೇ ಮತ್ತೆ ಹತ್ತಲು ಹೋಗಿ ಬಿದ್ದುಬಿಟ್ಟ. ಓಡಿಹೋಗಿ ಎತ್ತಿದರೆ ನನ್ನ ಮುಖ ನೋಡಿ, "ಮಾವಾ, ಕುರಿ ಹೊಡಕೊಂಡ್ ಬಾ" ಎಂದ. ಆಮೇಲೆ ವಾಂತಿ ಮಾಡಿದ. ಬರೀ ನೀರು.

ಬಿಸಿಲಿನ ಹೊಡೆತ ಎಂದೇ ನಾನು ಮೈ ಮುಟ್ಟಿದೆ. ಅದಾಗಿದ್ದರೆ ಮೈ ಹಂಚಿನಂತೆ ಕಾದು ಒಣಗಿರಬೇಕು. ಇವನ ಮೈ ತಣ್ಣಗೆ, ಒದ್ದೆಯಾಗಿತ್ತು. ಥರ್ಮಾಮೀಟರ್‌ನಲ್ಲಿ ಜ್ವರವಿಲ್ಲ. ಸಕ್ಕರೆ ಅಂಶ ಕಡಿಮೆಯಾಗಿದ್ದೀತು ಎಂದು ಅಲ್ಲೇ ರಸ್ತೆಯ ಬದಿಯಲ್ಲಿ ನರಕ್ಕೆ ಗ್ಲೂಕೋಸ್ ಚುಚ್ಚಿದೆ. ಅದು ಕಾರಣವಾಗಿದ್ದರೆ ನಾಲ್ಕೈದು ನಿಮಿಷದಲ್ಲಿ ಎದ್ದು ಕೂರಬೇಕಿತ್ತು. ಏಳಲಿಲ್ಲ. ಕಾಲಿನ ಮೀನಖಂಡ ಹುರಿಗಟ್ಟಿಕೊಂಡು ಗಟ್ಟಿಯಾಗುತ್ತಿತ್ತು, ಅದರ ನೋವಿಗೆ ಮಾತ್ರ ನರಳುತ್ತಿದ್ದ.

ಜೀಪಿನಲ್ಲಿ ಮಲಗಿಸಿಕೊಂಡು ಹುನಗುಂದದ ದಾರಿಯಲ್ಲಿದ್ದ ನನ್ನ ಆಸ್ಪತ್ರೆಗೆ ಹೊರಟೆವು. ಆ ದಾರಿ ಅವತ್ತಿನಷ್ಟು ಉದ್ದ ನನಗೆ ಎಂದೂ ಅನ್ನಿಸಿಲ್ಲ. ಅರ್ಧ ದಾರಿಯಲ್ಲಿ ಅವನಿಗೆ ಫಿಟ್ಸ್ ಬಂತು. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಇಡೀ ಮೈ ಅದುರತೊಡಗಿತು. ಓಡುವ ಜೀಪಿನಲ್ಲೇ ಫಿಟ್ಸ್ ತಡೆಯುವ ಇಂಜೆಕ್ಷನ್ ಕೊಟ್ಟೆ. ಹುಸೇನಸಾಬ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಯಾ ಅಲ್ಲಾ, ಯಾ ಅಲ್ಲಾ" ಎನ್ನುವುದನ್ನು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ.

ಆಸ್ಪತ್ರೆಯ ಮುಂದೆ ಆಗಲೇ ಜನ ಸೇರಿದ್ದರು. ಯಾರೋ, "ಡ್ರಮ್ಮಿನ ನೀರಾಗ ಏನೋ ಹಾಕ್ಯಾರ" ಎಂದು ಕೂಗಿದ. ಹುಸೇನಸಾಬ ಜೀಪಿನ ಹಿಂದಿದ್ದ ಡ್ರಮ್ಮಿನಿಂದ ತಂಬಿಗೆ ತುಂಬಿಸಿ ಅವರೆದುರಿಗೆ ಗಟಗಟ ಕುಡಿದ. "ಇನ್ನೊಂದ್ ಕುಡೀಲೇನು?" ಎಂದ. ಗುಂಪು ದಾರಿ ಬಿಟ್ಟಿತು.

ಒಳಗೆ ನರ್ಸು ಗ್ಲೂಕೋಸ್ ನೀರಿನ ಬಾಟಲಿಯನ್ನು ಸ್ಟ್ಯಾಂಡಿಗೆ ನೇತುಹಾಕಿ ಸೂಜಿ ಹಿಡಿದು ನಿಂತಿದ್ದಳು. ಬಿಸಿಲಿನಲ್ಲಿ ಬಿದ್ದವನಿಗೆ ಮೊದಲು ಹಾಕುವುದು ಅದನ್ನೇ. ನಾನು ನರ ಹುಡುಕಲು ಮಾಳಪ್ಪನ ಕೈ ಹಿಡಿದೆ. ಬೀರಪ್ಪನ ಭಂಡಾರದ ಹಳದಿ ದಾರ ಮಣಿಕಟ್ಟಿನಲ್ಲಿ ಹೂತುಹೋಗಿತ್ತು. ಬೆರಳುಗಳು ಉಬ್ಬಿದ್ದವು, ಮುಖವೂ ಊದಿತ್ತು. ನೂರಕ್ಕೂ ಹೆಚ್ಚು ಕಿಲೋಮೀಟರ್ ಬಿಸಿಲಿನಲ್ಲಿ ಬೆವರಿದವನು ಒಣಗಬೇಕು. ಇವನು ಊದಿದ್ದಾನೆ! ನಾಲಿಗೆ ನೋಡಿದೆ, ಒದ್ದೆ.

"ತಡಿ" ಎಂದೆ ನರ್ಸಿಗೆ.

"ಸರ್, ತಡಾ ಆದ್ರ..."

"ತಡೀ ಅಂದೆ!"

ಗದರಿದೆನೇ ಹೊರತು ಮುಂದೇನು ಮಾಡಬೇಕೆಂದು ನನಗೂ ಹೊಳೆದಿರಲಿಲ್ಲ. ರಕ್ತದ ಉಪ್ಪಿನಂಶ, ಅಂದರೆ ಸೋಡಿಯಂ, ಅಳೆಯುವ ಯಂತ್ರ ಆಗ ದೊಡ್ಡ ಊರುಗಳಲ್ಲಿ ಮಾತ್ರ ಇತ್ತು. ಜೀಪಿನಲ್ಲಿ ಅಲ್ಲಿಗೆ ಕಳಿಸಿದರೆ ದಾರಿಯಲ್ಲೇ ಇನ್ನೊಂದು ಫಿಟ್ಸ್ ಬಂದು ಉಸಿರು ನಿಲ್ಲಬಹುದು. ಇಲ್ಲೇ ಇಟ್ಟುಕೊಂಡು ತಪ್ಪು ಬಾಟಲಿ ಹಾಕಿದರೆ ನಾನೇ ಕೊಂದಂತಾಗುತ್ತದೆ. ಒಳ್ಳೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೆ.

ಹುಸೇನಸಾಬ ಬಾಗಿಲಲ್ಲಿ ನಿಂತು ಅಳುತ್ತಿದ್ದ. "ನೀರ ಕುಡಿಸಿ ಉಳಸೋಣ ಅಂದೆ. ಎಲ್ಲಾರೂ ಅಷ್ಟ ನೀರ ಕುಡದಾರ್ರಿ ಸಾಹೇಬ್ರ, ಇಂವಗೊಬ್ಬಗ ಯಾಕ ಹಿಂಗಾತು?"

ಹೌದಲ್ಲ! ಎಲ್ಲರೂ ಅಷ್ಟೇ ಕುಡಿದಿದ್ದಾರೆ. ಈ ಒಬ್ಬನಲ್ಲಿ ಬೇರೆ ಏನಿದೆ?

ಅಷ್ಟರಲ್ಲಿ ಜನರನ್ನು ದೂಡಿಕೊಂಡು ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಮಾಳಪ್ಪನ ತಾಯಿ ಲಕ್ಕವ್ವ. ಮಗ ಹಾದುಹೋಗುವುದನ್ನು ನೋಡಲು ಬೆಳಗಿನಿಂದ ಹುನಗುಂದದ ರಸ್ತೆಯಲ್ಲಿ ನಿಂತಿದ್ದವಳು. ಬಂದವಳೇ ಮಗನ ಕಾಲು ಹಿಡಿದುಕೊಂಡಳು. ಅತ್ತರೆ ಸಮಾಧಾನ ಮಾಡಲು ನನಗೆ ಪುರುಸೊತ್ತಿರಲಿಲ್ಲ.

"ಯವ್ವಾ, ಅಳೋದು ಆಮ್ಯಾಲ. ಇಂವಾ ನಿನ್ನೆ ಏನ್ ಉಂಡಾನ?"

"ರೊಟ್ಟಿ ಪಲ್ಯಾರಿ."

"ಇವತ್ತ?"

"ಹಾಲು ರೊಟ್ಟಿರಿ. ಬೆಲ್ಲಾ ಕಟಗೊಂಡ್ ಹೋಗ್ಯಾನ್ರಿ."

"ಪಲ್ಯಾ ಎಂಥಾದ್ದು? ಖಾರ, ಉಪ್ಪ ಎಲ್ಲಾ ಹಾಕಿದ್ದಿಲ್ಲೋ?"

ಅವಳು ತಲೆ ಎತ್ತಿ ನೋಡಿದಳು. "ಉಪ್ಪ ಇಲ್ರಿ. ಶಿವರಾತ್ರಿ ಅಮಾಸಿಯಿಂದ ನಮ್ಮ ಮನ್ಯಾಗ ಉಪ್ಪ ಮುಟ್ಟಿಲ್ರಿ. ಬೀರಪ್ಪಗ ಹರಕಿ."

ನನ್ನ ತಲೆಯಲ್ಲಿ ಬೆಂಕಿಕಡ್ಡಿ ಗೀರಿದಂತಾಯಿತು. ವಾರಗಟ್ಟಲೆ ಉಪ್ಪು ತಿನ್ನದ ದೇಹ. ಇದ್ದಬದ್ದ ಉಪ್ಪೂ ಬೆವರಿನಲ್ಲಿ ಹೋಗಿದೆ. ಮೇಲೆ ಠಾಣೆಗೊಂದು ತಂಬಿಗೆ, ಊರಿಗೊಂದು ತಂಬಿಗೆ ಬರೀ ನೀರು. ಉಳಿದ ಹುಡುಗರನ್ನು ಕಾಪಾಡಿದ್ದು ಭಜಿ, ಉಪ್ಪಿನಕಾಯಿ, ಮಜ್ಜಿಗೆ. ಇವನ ರಕ್ತ ನೀರಾಗಿ ಮಿದುಳಿಗೆ ಬಾವು ಬಂದಿದೆ. ಅದಕ್ಕೇ ಈ ಫಿಟ್ಸ್. ಈಗ ಗ್ಲೂಕೋಸ್ ನೀರಿನ ಬಾಟಲಿ ಹಾಕಿದರೆ ಮತ್ತಷ್ಟು ನೀರು ಸುರಿದಂತೆ, ಮುಗಿದೇ ಹೋಗುತ್ತದೆ.

"ಆ ಬಾಟ್ಲಿ ಇಳಸು. ಉಪ್ಪಿನ ಸಲೈನ್ ಹಾಕು. ಮೂತ್ರ ಇಳಿಯೋ ಇಂಜೆಕ್ಷನ್ ತುಂಬು" ಎಂದೆ. ಹೆಚ್ಚಾದ ನೀರು ಮೂತ್ರವಾಗಿ ಹೊರಗೆ ಹೋಗಬೇಕು, ಉಪ್ಪು ಒಳಗೆ ಬರಬೇಕು. ಲೆಕ್ಕ ಸರಿಯಾಗಿತ್ತು. ಆದರೆ ಖಚಿತಪಡಿಸುವ ಯಾವ ಪರೀಕ್ಷೆಯೂ ಇಲ್ಲದೆ ಮಾಡಿದ ಲೆಕ್ಕ.

ಆಮೇಲೆ ಕಾಯುವುದು. ಮಾಳಪ್ಪನ ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಂತೇ ಹೋದಂತೆ ಬರುತ್ತಿತ್ತು. ಪ್ರತಿ ಸಲ ಅದು ತಡೆದಾಗ ನನ್ನದೂ ತಡೆಯುತ್ತಿತ್ತು. ಹೊರಗಡೆ ಸ್ಪರ್ಧೆ ಮುಗಿದು ಇಳಕಲ್ಲಿನ ಹುಡುಗನೊಬ್ಬ ಗೆದ್ದ ಸುದ್ದಿ ಬಂತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಕ್ಕವ್ವ ಮಂಚದ ಕಾಲಿಗೆ ಒರಗಿ ಕುಳಿತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಅದನ್ನು ಬಾಯಿ ಬಿಟ್ಟು ಆಡಿಯೂ ಬಿಟ್ಟೆ.

"ಸೈಕಲ್ ಗೆಲ್ಲಾಕ ಮಗನ ಉಪ್ಪ ಬಿಡಸೋದೇನವಾ? ಒಂದ್ ಪೇಟಾ ಸುತ್ತಿ ಹಾರಾ ಹಾಕ್ತಾರ, ಅದಕ್ಕ ಇಷ್ಟ?"

"ಗೆಲ್ಲಲಿ ಅಂತ ಅಲ್ರಿ ಯಪ್ಪಾ" ಎಂದಳು. "ಇವರಪ್ಪ ಇದ ಹಾದ್ಯಾಗ ಲಾರಿ ಕೆಳಗ ಹ್ವಾದ್ರಿ. ಇಂವಾ ಸೈಕಲ್ ಹೊಡಿತೇನಿ ಅಂದಾಗಿಂದ ನನ್ನ ಜೀವಕ್ಕ ಸಮಾಧಾನಿಲ್ಲ. ಸುಮ್ನ ಹೋಗಿ ಸುಮ್ನ ಹೊಳ್ಳಿ ಬರಲಿ ಅಂತ ಹರಕಿ ಹೊತ್ತೆ. ಮನಿಗೆ ಬರೋತನಕ ಉಪ್ಪ ಮುಟ್ಟಂಗಿಲ್ಲ ಅಂದೆ. ನಾ ಒಬ್ಬಾಕಿನ ಬಿಟ್ಟಿದ್ದೆರಿ. ಇಂವಗ ಬೇರೆ ಗಡಿಗಿ ಇಡ್ತೇನಿ ಅಂದ್ರ ಕೇಳಲಿಲ್ಲ. ನೀ ಸಪ್ಪಂದು ತಿನ್ನಾಕತ್ತಿದ್ರ ನನಗ ಗಂಟಲಾಗ ಇಳಿಯಂಗಿಲ್ಲವಾ ಅಂದ. ನನ್ನ ಗಂಗಾಳದಾಗ ಕೈ ಹಾಕಿದ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹುಡುಗರು ಬಿಸಿಲಿಗೆ ಬೀಳಬಾರದೆಂದು ಹುಸೇನಸಾಬ ನೀರು ಕುಡಿಸಿದ್ದ. ದಾರಿಯಲ್ಲಿ ಸಾಯಬಾರದೆಂದು ಈ ತಾಯಿ ಉಪ್ಪು ಬಿಟ್ಟಿದ್ದಳು. ತಾಯಿಯೊಬ್ಬಳೇ ಸಪ್ಪೆ ಉಣ್ಣಬಾರದೆಂದು ಅವನೂ ಬಿಟ್ಟಿದ್ದ. ಯಾರಿಗೆ ಬೈಯಲಿ?

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಮೂತ್ರ ಧಾರಾಳವಾಗಿ ಹೋಗತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಕೂಗಿದರೆ ಕಣ್ಣು ತೆರೆಯುವಂತಾದ. ಆಮೇಲೆ ತಾನಾಗಿಯೇ ಕೇಳಿದ: "ನನ್ನ ಗಾಡಿ ಎಲ್ಲೈತಿ?"

ಹುಸೇನಸಾಬ ಗೋಡೆಯ ಕಡೆ ಮುಖ ಮಾಡಿ ಬಿಕ್ಕಳಿಸಿ ಅತ್ತ.

ಆದರೆ ಕೆಲಸ ಮುಗಿದಿರಲಿಲ್ಲ. ಒಂದು ರಾತ್ರಿಗೆ ಸಾಲುವಷ್ಟೇ ಸಲೈನ್ ನನ್ನಲ್ಲಿತ್ತು, ಇನ್ನು ಮುಂದೆ ಉಪ್ಪು ಬಾಯಿಂದಲೇ ಹೋಗಬೇಕು. ನರ್ಸು ಉಪ್ಪು ಹಾಕಿದ ಮಜ್ಜಿಗೆ ಒಂದಿಷ್ಟನ್ನು ತುಟಿಗೆ ಹಿಡಿದಳು. ಮಾಳಪ್ಪ ನಾಲಿಗೆಗೆ ತಾಗಿದ್ದೇ ಮುಖ ತಿರುಗಿಸಿದ.

"ಉಪ್ಪೈತಿ. ಬ್ಯಾಡ್ರಿ. ಹರಕಿ ಅವ್ವಂದು. ಆಕೀಗೇನರ ಆದ್ರ?"

"ನಿನಗ ಏನಾಗೈತಿ ಗೊತ್ತೈತೇನಲೇ?" ಎಂದು ಗದರಿದೆ. ಅವನು ಹಲ್ಲು ಬಿಗಿದುಕೊಂಡ. ಅರ್ಧ ಸತ್ತು ಬದುಕಿದ ಮನುಷ್ಯ, ನನ್ನ ಡಾಕ್ಟರಿಕೆಗೆ ಕವಡೆ ಕಿಮ್ಮತ್ತೂ ಕೊಡಲಿಲ್ಲ.

ಲಕ್ಕವ್ವ ಎದ್ದು ನಿಂತಳು. ನರ್ಸಿನ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲಿಗೆ ಕೈ ಹಾಕಿದಳು. ಮಗ ಇನ್ನೂ ಮನೆ ಮುಟ್ಟಿಲ್ಲ, ಹರಕೆ ತೀರಿಲ್ಲ. ಆ ತಾಯಿಗೆ ಅದು ಸಣ್ಣ ಮಾತಲ್ಲ. ಕಣ್ಣು ಮುಚ್ಚಿ, "ಬೀರಪ್ಪಾ, ತಪ್ಪು ನಂದು. ಕೇಳೂದಿದ್ರ ನನ್ನ ಕೇಳು, ಇವನ್ನ ಕೇಳಬ್ಯಾಡ" ಎಂದಳು. ಮಗ ನೋಡುತ್ತಿದ್ದಂತೆಯೇ ಹರಳುಪ್ಪನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಆಮೇಲೆ ಮಜ್ಜಿಗೆಯ ಲೋಟ ತಾನೇ ಹಿಡಿದಳು. ಅವನು ಪೂರ್ತಿ ಕುಡಿದ.

ಮೂರ್ನಾಲ್ಕು ದಿನಕ್ಕೆ ನಡೆದುಕೊಂಡೇ ಮನೆಗೆ ಹೋದ. ಮರುವರ್ಷದಿಂದ ಹುಸೇನಸಾಬನ ಠಾಣೆಗಳಲ್ಲಿ ನೀರಿನ ಪಕ್ಕದಲ್ಲಿ ಉಪ್ಪು ಹಾಕಿದ ಮಜ್ಜಿಗೆಯ ಕೊಡ ಬಂತು.

ವೃತ್ತಿಯಲ್ಲಿ ಆಮೇಲೆ ಬಹಳ ಯಂತ್ರಗಳು ಬಂದವು. ಸೋಡಿಯಂ ಎಷ್ಟಿದೆ ಎಂದು ಈಗ ಕ್ಷಣದಲ್ಲಿ ಹೇಳುತ್ತವೆ. ಏನು ಉಂಡೆ ಎಂದು ಡಾಕ್ಟರರೆಲ್ಲ ಕೇಳುತ್ತಾರೆ, ನಾನೂ ಮೊದಲಿನಿಂದ ಕೇಳುತ್ತಿದ್ದೆ. ಆ ರವಿವಾರದ ನಂತರ ನಿವೃತ್ತನಾಗುವವರೆಗೂ ನನ್ನ ಮುಂದೆ ಕುಳಿತ ಪ್ರತಿ ರೋಗಿಗೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಹಾಕಿದ್ದೇನೆ: "ಯಾರ ಜೋಡಿ ಉಂಡಿ?"