ವಿಂಡೋಸೋ ಲಿನಕ್ಸೋ ಎಂದು ಜಗಳವಾಡಿದ ಬೇಸಿಗೆ

ಸಹನಾ, ಮನು,

ಆಗೆಲ್ಲ ಪರೀಕ್ಷೆ ಮುಗಿದ ಮಾರನೆಯ ದಿನವೇ ನೀವಿಬ್ಬರೂ ಮಲೆಬೆನ್ನೂರಿನಿಂದ ಬಸ್ಸು ಹತ್ತಿ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದುಬಿಡುತ್ತಿದ್ದಿರಿ. ಬಾಗಿಲಲ್ಲಿ ಚಪ್ಪಲಿ ಒಂದೊಂದು ದಿಕ್ಕಿಗೆ. ಬೆಳಿಗ್ಗೆ ಮಾವಿನ ಸೀಕರಣೆ, ಸಂಜೆ ಒಗ್ಗರಣೆ ಮಂಡಕ್ಕಿ, ನಡುವೆ ಸೆಕೆಗೆ ನೆಲಕ್ಕೆ ನೀರು ಚಿಮುಕಿಸಿ ಚೌಕಾಬಾರ. ನಿಮ್ಮ ಬಾಲ್ಯದಲ್ಲಿ ಅಂಥ ಬೇಸಿಗೆಗಳು ಹಲವು. ನಾನು ಬರೆಯಲು ಕುಳಿತಿರುವುದು ಒಂದರ ಬಗ್ಗೆ ಮಾತ್ರ. ಅಜ್ಜನ ಕಂಪ್ಯೂಟರಿನಲ್ಲಿ ವಿಂಡೋಸ್ ಇರಬೇಕೋ ಲಿನಕ್ಸ್ ಇರಬೇಕೋ ಎಂದು ನೀವು ಜುಟ್ಟು ಹಿಡಿದು ಜಗಳವಾಡಿದ ಬೇಸಿಗೆ. ಜಗಳ ನಿಮಗೆ ನೆನಪಿದ್ದೀತು. ಉಳಿದದ್ದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ.

ನಿಮ್ಮ ಅಜ್ಜ ಬದುಕೆಲ್ಲ ಊರವರ ಮದುವೆ ಪತ್ರಿಕೆ ಜೋಡಿಸಿದವರು. ಮೊದಲು ಸೀಸದ ಅಚ್ಚಿನ ಮೊಳೆಗಳಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಕೀಬೋರ್ಡಿನ ಕಡೆ ಕಣ್ಣೇ ಹಾಯಿಸದೆ ಕನ್ನಡ ಹೊಡೆಯುತ್ತಿದ್ದರು. ಪ್ರೆಸ್ಸು ಮುಚ್ಚಿದಾಗ ಆ ಹಳೇ ಕಂಪ್ಯೂಟರನ್ನು ಮನೆಗೆ ತಂದು, ತಮ್ಮೂರು ಕೊಂಡಜ್ಜಿಯಲ್ಲಿ ತಾವು ಹುಡುಗರಾಗಿದ್ದಾಗಿನ ಸಂಗತಿಗಳನ್ನು ನಿಮಗಾಗಿ ಬರೆಯತೊಡಗಿದರು. ಬೆಳಗಿನ ಜಾವ, ನಾನು ಒಲೆ ಹಚ್ಚುವ ಮೊದಲೇ, ಒಬ್ಬರೇ ಕೂತು ಟಕಟಕ ಸದ್ದು ಮಾಡುತ್ತಿದ್ದರು. ಬಾಯಿಬಿಟ್ಟು ಹೇಳಲು ಅವರಿಗೆ ಬರುತ್ತಿರಲಿಲ್ಲ. ಏನಾದರೂ ಕೇಳಿದರೆ "ಹೂಂ, ಇತ್ತು" ಅಂದು ಸುಮ್ಮನಾಗುವ ಮನುಷ್ಯ. ಮಾತೆಲ್ಲ ಬೆರಳಿನಲ್ಲಿತ್ತು.

ಬರಹ ಕೊಂಡಜ್ಜಿ ಕೆರೆಯ ಹತ್ತಿರ ಬರುವಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಪರದೆಯ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ ಎಂದರು. ಪೇಪರ್ ಓದುವುದು ಮೊದಲೇ ನಿಂತಿತ್ತು. ಆಗ ನಿಮ್ಮ ಅಪ್ಪ ಯಾರನ್ನೋ ವಿಚಾರಿಸಿ, ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಪಕ್ಕದಲ್ಲೇ, ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಕೂಡ ಹಾಕಿಸಿಕೊಟ್ಟರು. ಅದರಲ್ಲಿ ಒಂದು ದನಿ ಇತ್ತು, ಪೇಪರನ್ನು ಕನ್ನಡದಲ್ಲೇ ಓದಿ ಹೇಳುತ್ತಿತ್ತು. ವಿಂಡೋಸಿನಲ್ಲಿ ಅಂಥದ್ದನ್ನು ಹೇಗೆ ಕೂರಿಸಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಆ ದನಿ ಮೊದಲ ಸಲ ಮಾತಾಡಿದಾಗ ಅಜ್ಜ ನಕ್ಕಿದ್ದು ನೆನಪಿದೆಯೇ?

"ಇವ್ನು ಯಾವೂರೋನಲೇ ಮನು? ಮೂಗಿಗೆ ಹತ್ತಿ ಇಟ್ಕಂಡು ಮಾತಾಡ್ದಂಗೆ ಐತೆ."

ಅವತ್ತಿಡೀ ಮನು ಮೂಗು ಹಿಡಿದುಕೊಂಡೇ ಮಾತಾಡಿದ. ಸಾರು ಬೇಕಾದರೂ ಅದೇ ದನಿ. "ಅಜ್-ಜಿ, ಸಾ-ರು, ಹಾ-ಕು."

ತಕರಾರು ಶುರುವಾದದ್ದು ಮಾರನೆಯ ದಿನ. ಕಂಪ್ಯೂಟರ್ ಹಚ್ಚಿದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು. ಬೇಕಾದದ್ದನ್ನು ಆರಿಸಬೇಕು. ಸುಮ್ಮನಿದ್ದರೆ ಮೊದಲನೆಯದು ತಾನಾಗಿ ತೆರೆದುಕೊಳ್ಳುತ್ತಿತ್ತು. ಆ ಹೆಸರು ಅಜ್ಜನಿಗೆ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಒತ್ತಿದರೆ ಒಮ್ಮೆ ಇದು, ಒಮ್ಮೆ ಅದು.

"ನಾನ್ ಎದ್ದು ಒತ್ತಿ ಕೊಡ್ತೀನಿ ಬಿಡ್ರಿ" ಅಂದೆ.

"ಬ್ಯಾಡ. ದಿನಾ ಒಬ್ರುನ್ನ ಎಬ್ಬಿಸ್ಕಂಡು ಕೂಡ್ರೋದು ನನಗಾಗಲ್ಲ. ಯಾವ್ದಾದ್ರೂ ಒಂದು ಮೊದ್ಲು ಬರಂಗೆ ಮಾಡಿಬಿಡ್ರಿ. ಸಾಕು."

ಯಾವುದು ಎಂಬುದಕ್ಕೆ ನಿಮ್ಮ ಪಂಚಾಯ್ತಿ ಕೂತಿತು. ಮನುವಿಗೆ ಕಾರಿನ ಆಟಕ್ಕಾಗಿ ವಿಂಡೋಸೇ ಬೇಕು. "ಲಿನಕ್ಸ್‌ನಾಗೆ ಏನೈತೆ, ಬರೀ ಮೂಗಿನ ದನಿ ಐತೆ!" ಎಂದು ಕೂಗಿದ. ಸಹನಾ ಬಿಡಲಿಲ್ಲ. "ನಿನ್ನ ಕಾರು ಅಜ್ಜಂಗೆ ಪೇಪರ್ ಓದ್ತದೇನೋ ಹುಚ್ಚಪ್ಪ? ವಿಂಡೋಸ್ ಎದ್ದೇಳೋದ್ರೊಳಗೆ ಅಜ್ಜಿ ಎಲ್ಡು ಸಲ ಚಾ ಕಾಸ್ತಾಳೆ. ಇದು ಪಟ್ ಅಂತ ಬರ್ತದೆ."

ಅಜ್ಜ ನಗುತ್ತಾ, "ತಡೀರಿ, ಎರಡರಾಗೂ ಬರ್ದು ನೋಡ್ತೀನಿ" ಎಂದು ಲಿನಕ್ಸಿನ ಮುಂದೆ ಕೂತರು. ಬೆರಳು ಎಂದಿನಂತೆ ಸರಾಗವಾಗಿ ಓಡಿದವು. ಒಂದು ಸಾಲು ಮುಗಿಸಿ, "ಓದವ್ವ" ಅಂದರು.

ಸಹನಾ ಬಗ್ಗಿ ನೋಡಿದಳು. ಓದಲು ಅಲ್ಲಿ ಪದಗಳೇ ಇರಲಿಲ್ಲ. ಕ ಇರಬೇಕಾದ ಕಡೆ ಇನ್ನಾವುದೋ ಅಕ್ಷರ, ಒತ್ತೊಂದು ಕಡೆ, ಕೊಂಬೊಂದು ಕಡೆ. ಲಿನಕ್ಸಿನಲ್ಲಿ ಕೀಬೋರ್ಡಿನ ಮೇಲೆ ಅಕ್ಷರಗಳ ಜಾಗವೇ ಬೇರೆಯಾಗಿತ್ತು. ಮನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜ ಇನ್ನೊಂದು ಸಲ, ನಿಧಾನವಾಗಿ ಹೊಡೆದರು. ಹಾಗೇ ಬಂತು. ಹೊಸ ಜಾಗಗಳನ್ನು ಕಲಿಯೋಣವೆಂದರೆ ಕಣ್ಣಿಲ್ಲ. ವಿಂಡೋಸಿನಲ್ಲಿ ಬೆರಳಿಗೆ ದಾರಿ ಗೊತ್ತು, ಆದರೆ ಬರೆದದ್ದನ್ನು ಓದಿ ಹೇಳುವವರಿಲ್ಲ. ಲಿನಕ್ಸಿನಲ್ಲಿ ಓದುವವನಿದ್ದಾನೆ, ಬೆರಳಿಗೆ ದಾರಿಯಿಲ್ಲ.

ಅಜ್ಜ ಕೀಬೋರ್ಡನ್ನು ಹಿಂದಕ್ಕೆ ತಳ್ಳಿದರು. ಆಮೇಲೆ, "ಲಿನಕ್ಸೇ ಇರ್ಲಿ" ಎಂದರು. "ಈ ಹುಡುಗರು ಊರಿಗೆ ಹೋದ್ಮ್ಯಾಲೆ ಮನ್ಯಾಗೆ ಒಂದು ದನಿನಾದ್ರೂ ಇರ್ತದೆ."

"ಮತ್ತೆ ಬರಿಯೋದು?" ಎಂದು ಕೇಳಿದೆ.

"ಕೆರಿ ಎಲ್ಲಿಗೆ ಹೋಗ್ತದೆ? ಬಾಯಾಗೆ ಹೇಳಿದ್ರಾತು."

ಸಹನಾ ಗೆದ್ದೆನೆಂದು ಕುಣಿದಳು. ಮನು ಸಿಟ್ಟು ಮಾಡಿಕೊಂಡು ಮಂಡಕ್ಕಿ ತಿನ್ನಲಿಲ್ಲ.

ಬಾಯಲ್ಲಿ ಹೇಳುತ್ತೇನೆಂದವರು ಹೇಳಲಿಲ್ಲ. ಹೇಳಲು ಆಗಲಿಲ್ಲ. ಒಂದೆರಡು ಸಂಜೆ ನೀವು ಪೀಡಿಸಿದಾಗ "ಕೆರಿ ದೊಡ್ಡದಿತ್ತು" ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿದರು. ನೀವು ಹೊರಟುಹೋದ ಮೇಲೆ ದಿನವೂ ಪೇಪರ್ ಕೇಳುತ್ತಿದ್ದರು. ಕೇಳುತ್ತಲೇ ಹಾಸಿಗೆಯ ಅಂಚಿನ ಮೇಲೆ ಅವರ ಬೆರಳು ಆಡುತ್ತಿದ್ದವು, ಏನೋ ಬರೆಯುವಂತೆ. ಏನು ಬರೀತೀರಿ ಎಂದು ಕೇಳಲು ನನಗೆ ಸಂಕೋಚ. ಮುಂದಿನ ಬೇಸಿಗೆ ನೀವು ಬರುವ ಮೊದಲೇ ಅವರು ಹೋದರು.

ಈ ವರ್ಷ ಹರಿಹರದ ನನ್ನ ತಂಗಿಯ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಪತ್ರಿಕೆ ಹಾಕಿಸಲು ಅವಳ ಜೊತೆ ಟೈಪಿಂಗ್ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹೆಣ್ಣುಮಗಳ ಬೆರಳು ಆಡುವುದನ್ನು ನೋಡುತ್ತಾ ನಿಂತೆ. ಎಲ್ಲಿ ಕಿರುಬೆರಳು ಚಾಚುತ್ತದೆ, ಎಲ್ಲಿ ಹೆಬ್ಬೆರಳು ಬೀಳುತ್ತದೆ, ಎಲ್ಲ ನಿಮ್ಮ ಅಜ್ಜನಂತೆಯೇ. ಧೈರ್ಯ ಮಾಡಿ ಕೇಳಿದೆ.

"ಇದು ವಿಂಡೋಸ್ ಏನವ್ವ?"

"ಅಲ್ರಿ ಅಮ್ಮ, ಲಿನಕ್ಸು. ಅಬ್ಬಾ, ನಿಮಗೆಂಗೆ ಗೊತ್ತು ಇವೆಲ್ಲ?"

"ಲಿನಕ್ಸಿನಾಗೆ ಅಕ್ಷರದ ಜಾಗ ಬೇರೆ ಅಲ್ಲೇನು?"

"ಏ, ಅದು ನಾವ್ ಹೇಳ್ದಂಗೆ ಕೇಳ್ತದ್ರಿ. ಹಳೇ ಜಾಗ ಬೇಕಂದ್ರೆ ಒಂದ್ ಕಡೆ ಒತ್ತಿ ಆರಿಸ್ಕಂಡ್ರಾತು. ಮೊದ್ಲಿಂದ್ಲೂ ಐತೆ. ಕೂಡ್ರಿ, ಯಾಕ ನಿಂತೀರಿ?"

ಕೂತೆ. ತಂಗಿ ಮಗುವಿನ ಹೆಸರನ್ನು ಸರಿಯಾಗಿ ಹಾಕಿಸುತ್ತಿದ್ದಳು. ನಾನು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡೆ. ಎರಡರಲ್ಲಿ ಒಂದನ್ನು ಬಿಡಬೇಕೆಂದು ಅವತ್ತು ಮನೆಮಂದಿಯೆಲ್ಲ ನಂಬಿದ್ದೆವು. ಅವರು ಬಿಡಬೇಕಾಗಿರಲಿಲ್ಲ. ಆ ಮೂಗಿನ ದನಿ ಓದುತ್ತಿದ್ದರೆ, ಅವರು ಬರೆಯುತ್ತಲೇ ಹೋಗಬಹುದಿತ್ತು.

ಇದು ನಿಮ್ಮ ತಪ್ಪೆಂದು ಹೇಳುತ್ತಿಲ್ಲ, ಮಕ್ಕಳೇ. ನೀವು ಕೂಸುಗಳು. ನಮಗೂ ತಿಳಿದಿರಲಿಲ್ಲ, ಯಾರನ್ನಾದರೂ ಕೇಳಬೇಕೆಂಬುದೂ ಹೊಳೆಯಲಿಲ್ಲ. ಆದರೆ ಕೊಂಡಜ್ಜಿಯ ಹುಡುಗ ಕೆರೆಗೆ ಇಳಿದನೋ ಇಲ್ಲವೋ, ಅವನ ಗೆಳೆಯರು ಯಾರು, ಮನೆಗೆ ಬಂದು ಪೆಟ್ಟು ತಿಂದನೇ, ಇನ್ನು ಯಾರೂ ಹೇಳಲಾರರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಮೀಸೆ ಬಂದಿತ್ತು. ಅವರ ಬಾಲ್ಯ ನನಗೆ ಗೊತ್ತಿಲ್ಲ. ನಿಮ್ಮದು ಒಂದಿಷ್ಟು ಗೊತ್ತಿದೆ, ಅದರೊಳಗೆ ಅವರೂ ಇದ್ದಾರೆ. ಗೊತ್ತಿರುವಷ್ಟನ್ನು ಕೈಯಲ್ಲೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿವೆ. ಈ ಹಾಳೆಗಳು ನೆನೆಯದಂತೆ, ಹರಿಯದಂತೆ ಇಟ್ಟುಕೊಳ್ಳಿ.